ಫರಸಿ ನಾಡಿನ ಸಿಮೆಂಟ್ ಅಂಗಳ

ಮನೆ ಕಟ್ಟಿಸುವವರ ಕೈಯಲ್ಲಿ ದುಡ್ಡು ಮುಗಿಯುವ ಹೊತ್ತಿಗೆ ಸರಿಯಾಗಿ ಅಂಗಳದ ಸರದಿ ಬರುತ್ತದೆ. ಬಾಗಿಲಿಗೆ ಸಾಗುವಾನಿ ಬಂತು, ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಬಂತು, ಹಾಲ್‌ಗೆ ಥಳಥಳ ಹೊಳೆಯುವ ಟೈಲ್ಸ್ ಬಂತು, ಗೇಟಿಗೆ ಬಂಗಾರದ ಬಣ್ಣದ ಹೂಬಳ್ಳಿಯೂ ಬಂತು. ಗೇಟಿನಿಂದ ಹೊಸ್ತಿಲವರೆಗಿನ ಇಪ್ಪತ್ತು ಅಡಿ ಮಾತ್ರ ಹಾಗೇ ಬಿದ್ದಿರುತ್ತದೆ. ಅಲ್ಲಿ ಒಡೆದ ಇಟ್ಟಂಗಿ, ಬಣ್ಣದ ಡಬ್ಬಿ, ಸಿಮೆಂಟಿನ ಖಾಲಿ ಚೀಲ. ಗೃಹಪ್ರವೇಶಕ್ಕೆ ಉಳಿದಿರುವುದು ಒಂದೇ ವಾರ. ಆಗ ಗೌಂಡಿ ಹೇಳುವ ಮಾತು ಯಾದಗಿರಿಯಾಗಲಿ, ಶಹಾಪುರವಾಗಲಿ, ಸುರಪುರವಾಗಲಿ, ಹೆಚ್ಚುಕಮ್ಮಿ ಒಂದೇ: "ತಲಿ ಯಾಕ ಕೆಡಿಸ್ಕೋತೀರಿ ಸಾಹೇಬ್ರ, ನಾಕಿಂಚು ಕಾಂಕ್ರೀಟ್ ಹಾಕಿ ಬಿಡೂಣ್ರಿ. ಮುಗೀತು."

ಮುಗಿಯುವುದಿಲ್ಲ. ಮೊದಲ ಬೇಸಿಗೆಗೆ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತದೆ. ಮಳೆಗಾಲ ಬಂದಾಗ ಒಂದು ಮೂಲೆ ಮೇಲೆದ್ದು ಗೇಟಿಗೆ ತಾಗುತ್ತದೆ. ಇನ್ನೊಂದೆರಡು ವರ್ಷಕ್ಕೆ ಕಾರಿನ ಗಾಲಿ ನಿಲ್ಲುವ ಜಾಗ ಕುಸಿದು ಅಲ್ಲಿ ನೀರು ಮಡುಗಟ್ಟುತ್ತದೆ. ಬೈಯಿಸಿಕೊಳ್ಳುವವನು ಗೌಂಡಿ, ಇಲ್ಲವೇ ಸಿಮೆಂಟ್ ಮಾರಿದ ಅಂಗಡಿಯವನು. ಇಬ್ಬರದೂ ಒಂದಿಷ್ಟು ತಪ್ಪಿರಬಹುದು. ಆದರೆ ಬಹಳ ಸಲ ಕಾರಣ ಇರುವುದು ಕಾಂಕ್ರೀಟಿನ ಕೆಳಗೆ. ಯಾದಗಿರಿ ಜಿಲ್ಲೆಯಲ್ಲಿ ಅಂಗಳಕ್ಕೆ ಏನು ಹಾಸಬೇಕೆಂದು ಅಂಗಡಿಯ ಸ್ಯಾಂಪಲ್ ನೋಡಿ ತೀರ್ಮಾನಿಸುವ ಮೊದಲು ಅಂಗಳದಲ್ಲೇ ಒಂದು ಗುದ್ದಲಿ ಹಾಕಿ ನೋಡಬೇಕು. ನೋಡಿದ ಮೇಲೆ, ಹೆಚ್ಚಿನ ಮನೆಗಳಿಗೆ, ಗೋಡೆಯಿಂದ ಗೋಡೆಗೆ ಸಿಮೆಂಟ್ ಸುರಿಯುವುದು ದುಡ್ಡು ಹಾಳುಮಾಡುವ ದಾರಿ ಎಂಬುದು ತಾನೇ ಗೊತ್ತಾಗುತ್ತದೆ.

ಎರಿ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಎಂಬ ಎರಡು ಮಾತು ಇಲ್ಲಿನ ರೈತರಿಗೆ ಹೊಸದಾಗಿ ಹೇಳಬೇಕಿಲ್ಲ. ಹೊಲ ಕೊಳ್ಳುವಾಗ ಮೊದಲು ಕೇಳುವುದೇ ಅದನ್ನು. ಅದೇ ಹೊಲ ಎನ್‌ಎ (ಕೃಷಿಯೇತರ) ಆಗಿ, ಕಲ್ಲು ನೆಟ್ಟು, ಮೂವತ್ತು-ನಲವತ್ತರ ಪ್ಲಾಟ್ ಆದ ಕೂಡಲೇ ಕೇಳುವವರು ಇರುವುದಿಲ್ಲ. ಯಾದಗಿರಿ 2010ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಊರಿನ ಸುತ್ತ ಬಡಾವಣೆಗಳು ಎದ್ದವು. ಶಹಾಪುರ, ಸುರಪುರಗಳೂ ಕಾಲುವೆ ನೀರಿನ ಬೆಳೆಯ ಜತೆ ಬೆಳೆದವು. ನಿನ್ನೆ ಮೊನ್ನೆ ಹತ್ತಿ, ಜೋಳ ನಿಂತಿದ್ದ ಎರಿ ಭೂಮಿಯ ಮೇಲೆ ಇವತ್ತು ಕಾರು ನಿಲ್ಲುತ್ತಿದೆ. ಮಣ್ಣಿಗೆ ಮಾತ್ರ ಈ ಬದಲಾವಣೆ ಗೊತ್ತಿಲ್ಲ.

ಎರಿಯ ಗುಣವೇ ಹಿಗ್ಗುವುದು, ಕುಗ್ಗುವುದು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಅದರ ಕಣದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಇಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿತ್ತದೆ ಬಿಟ್ಟ ಎರಿ ಹೊಲದಲ್ಲಿ ನಡೆದವರಿಗೆ ಗೊತ್ತು: ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು, ಕೋಲು ಇಳಿಬಿಟ್ಟರೆ ಮೀಟರಿಗೂ ಮಿಕ್ಕಿ ಕೆಳಗಿಳಿಯುತ್ತದೆ. ಬೆಳೆಗೆ ಇದು ವರ. ಹಿಂಗಾರಿಯಲ್ಲಿ ಮಳೆಯಿಲ್ಲದೆಯೂ ಜೋಳ ತೆನೆಗಟ್ಟುವುದು ಎರಿ ಹಿಡಿದಿಟ್ಟ ಹಸಿಯಿಂದಲೇ. ಆದರೆ ಅದರ ಮೇಲೆ ನಾಲ್ಕಿಂಚು ದಪ್ಪದ ಗಡಸು ಹಾಳೆಯನ್ನು ಹೊದಿಸಿದರೆ ಅಂಚಿನ ಮಣ್ಣು ಮಳೆ ಕುಡಿದು ಉಬ್ಬುತ್ತದೆ, ನಡುವಿನದು ಒಣಗೇ ಇರುತ್ತದೆ. ಹಾಳೆ ಬಾಗಲಾರದು, ಒಡೆಯುತ್ತದೆ. ಸಿಮೆಂಟ್ ಎಷ್ಟೇ ಒಳ್ಳೆಯದಿರಲಿ, ಇದನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಇದು ಯಾದಗಿರಿಗೆ ಮಾತ್ರ ಬಂದ ಕಷ್ಟವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಹ್ಯೂಸ್ಟನ್ ಬ್ಲ್ಯಾಕ್ ಎಂಬ ಕಪ್ಪು ಜೇಡಿಮಣ್ಣಿದೆ, ಎರಿಯ ಸೋದರನೇ ಅನ್ನಬೇಕು. ಡಲ್ಲಾಸ್ ಸುತ್ತಮುತ್ತ ಬೇಸಿಗೆಯಲ್ಲಿ ಮನೆಯ ಅಡಿಪಾಯ ಬಿರಿಯದಿರಲೆಂದು ಸುತ್ತಲೂ ಪೈಪ್ ಇಟ್ಟು ಮಣ್ಣಿಗೆ ನೀರು ಹನಿಸುವ ರೂಢಿಯೇ ಇದೆ. ಟ್ಯಾಂಕರ್ ನೀರಿಗೆ ಕಾಯುವ ನಮ್ಮ ಬಡಾವಣೆಗಳಲ್ಲಿ ಅಡಿಪಾಯಕ್ಕೆ ನೀರು ಕುಡಿಸುತ್ತೇವೆ ಎಂದರೆ ಓಣಿಯ ಜನ ನಗುತ್ತಾರೆ. ನಮ್ಮ ಉಪಾಯ ಬೇರೆ, ಮತ್ತು ಅದು ಕರ್ನಾಟಕದ ನೆಲದಲ್ಲೇ ಪರೀಕ್ಷೆಗೊಂಡದ್ದು.

ಎರಿ ಭೂಮಿಯಲ್ಲಿ ಕಾಲುವೆ ತೋಡಿ ಕಾಂಕ್ರೀಟ್ ಹೊದಿಸಿದರೆ ಹೊದಿಕೆ ಉಬ್ಬಿ ಕಿತ್ತುಬರುತ್ತಿತ್ತು. ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್‌.ಕೆ. ಕಟ್ಟಿ ಇದಕ್ಕೊಂದು ಪರಿಹಾರ ಕಂಡುಕೊಂಡರು. ಎರಿಗೂ ಕಾಂಕ್ರೀಟಿಗೂ ನಡುವೆ, ಅಂಟುಗುಣವಿದ್ದೂ ಉಬ್ಬದ ಮಣ್ಣಿನ ದಪ್ಪ ಪದರ ಹಾಕಿ ದಮ್ಮಸು ಮಾಡಿದರೆ ಕೆಳಗಿನ ಮಣ್ಣಿನ ಉಬ್ಬರ ಮೇಲಕ್ಕೆ ತಟ್ಟುವುದಿಲ್ಲ. ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಇದನ್ನು ಬಳಸಿದರು. ಮುಂದೆ ಇದು ಭಾರತೀಯ ಮಾನಕವೂ ಆಯಿತು. ಆ ಉಬ್ಬದ ಮಣ್ಣು ಅಂದರೆ ಬೇರೇನಲ್ಲ, ಬಹುಪಾಲು ನಮ್ಮ ಮರಂ. ಸುರಪುರ, ಶಹಾಪುರದ ಗುಡ್ಡದ ಬುಡದಲ್ಲಿ, ಟ್ರ್ಯಾಕ್ಟರ್ ಟ್ರಿಪ್ಪಿನ ಲೆಕ್ಕದಲ್ಲಿ ಸಿಗುವ ಅದೇ ಕೆಂಪು ಮರಂ.

ಕಾಲುವೆಗೆ ಮೀಟರಿನಷ್ಟು ದಪ್ಪ ಬೇಕಾಗಬಹುದು. ಒಂದು ಕಾರು, ಎರಡು ಬೈಕು ಓಡಾಡುವ ಅಂಗಳಕ್ಕೆ ಒಂದೂವರೆ ಅಡಿ ಎರಿ ತೆಗೆದು ಅಷ್ಟೇ ಮರಂ ತುಂಬಿದರೆ ಖರ್ಚಿಗೂ ಬಾಳಿಕೆಗೂ ಹೊಂದುವ ರಾಜಿ. ಆದರೆ ತುಂಬುವ ರೀತಿ ಮುಖ್ಯ. ಒಂದೂವರೆ ಅಡಿಯನ್ನು ಒಂದೇ ಸಲ ಸುರಿದು, ಟ್ರ್ಯಾಕ್ಟರನ್ನು ಹಿಂದೆಮುಂದೆ ಓಡಿಸಿ "ಆತು ನೋಡ್ರಿ" ಎನ್ನುವುದು ಇಲ್ಲಿನ ರೂಢಿ. ಹಾಗೆ ಮಾಡಿದರೆ ಮೇಲಿನ ಐದಾರು ಇಂಚು ಗಟ್ಟಿಯಾಗುತ್ತದೆ, ಕೆಳಗಿನದು ಪೊಳ್ಳಾಗಿಯೇ ಉಳಿಯುತ್ತದೆ. ಆರಾರು ಇಂಚಿನ ಪದರ ಹರವಿ, ನೀರು ಚಿಮುಕಿಸಿ, ಬಾಡಿಗೆಯ ದಮ್ಮಸು ಯಂತ್ರದಿಂದ ಪ್ರತಿ ಪದರವನ್ನೂ ಬಡಿಯಬೇಕು. ಹಿಮ್ಮಡಿ ಒತ್ತಿದರೆ ಅಚ್ಚು ಮೂಡಬಾರದು. ಈ ಕೆಲಸಕ್ಕೆ ಒಂದು ದಿನದ ಪಗಾರ ಹೆಚ್ಚಾಗುತ್ತದೆ, ಅಷ್ಟೇ.

ಮಸಾರಿ ನೆಲದವರಿಗೆ ಈ ರಗಳೆ ಇಲ್ಲ. ಗ್ರಾನೈಟ್ ಗುಡ್ಡಗಳ ಬುಡದಲ್ಲಿ, ಯಾದಗಿರಿಯ ಕೋಟೆಗುಡ್ಡದ ಆಸುಪಾಸು, ಗುರುಮಠಕಲ್ ಕಡೆಯ ಕೆಂಪು ನೆಲದಲ್ಲಿ ನಾಲ್ಕಾರು ಇಂಚಿನ ಮರಂ ಹಾಕಿ ಬಡಿದರೂ ಸಾಕು. ಸಮಸ್ಯೆ ಏನೆಂದರೆ, ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಓಣಿಯಿಂದ ಓಣಿಗೆ ಮಣ್ಣು ಬದಲಾಗುತ್ತದೆ. ಗುಡ್ಡದ ಮಗ್ಗುಲಿನ ಅಣ್ಣನ ಮನೆಯಲ್ಲಿ ಹತ್ತು ವರ್ಷ ಬಾಳಿದ ಅಂಗಳ, ತಗ್ಗಿನ ತಮ್ಮನ ಪ್ಲಾಟಿನಲ್ಲಿ ಎರಡೇ ವರ್ಷಕ್ಕೆ ಬಿರಿಯುವುದು ಇದೇ ಕಾರಣಕ್ಕೆ.

ಇಷ್ಟಾದ ಮೇಲೆ ಮೇಲ್ಮೈಯ ಮಾತು. ಇಲ್ಲಿ ಯಾದಗಿರಿಯವರಷ್ಟು ಅದೃಷ್ಟವಂತರು ಕರ್ನಾಟಕದಲ್ಲಿ ಕಡಿಮೆ, ಮತ್ತು ಆ ಅದೃಷ್ಟವನ್ನು ಮರೆತವರೂ ಅವರೇ. ಪಕ್ಕದ ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ನೆಲದಡಿ ಭೀಮಾ ಕಣಿವೆಯ ಸುಣ್ಣಕಲ್ಲು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಕೂತಿದೆ. ಹಾರೆ, ಉಳಿ ಸಾಕು, ಚಪ್ಪಡಿ ತಾನಾಗಿ ಎದ್ದುಬರುತ್ತದೆ. ಅದೇ ಶಹಾಬಾದ್ ಫರಸಿ. ಮುಂಬೈ ಕಡೆಯ ರೈಲು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. ಶಹಾಬಾದ್, ವಾಡಿ, ಯಾದಗಿರಿ ಮೂರೂ ಆ ದಾರಿಯಲ್ಲೇ ಇವೆ. ಆ ರೈಲು ಹತ್ತಿ ಹೋದ ಫರಸಿ ಎಷ್ಟೋ ಊರಿನ ಪ್ಲಾಟ್‌ಫಾರಂ, ಗೋದಾಮು, ಶಾಲೆಯ ನೆಲ, ಅಡುಗೆಕಟ್ಟೆಗಳಾಯಿತು.

ಈ ಕಲ್ಲಿನ ಮೇಲೆ ನಡೆಯುವುದು ಇಲ್ಲಿ ಎರಡು ಸಾವಿರ ವರ್ಷಗಳ ಅಭ್ಯಾಸ. ಶಹಾಪುರದಿಂದ ದೂರವಿಲ್ಲದ, ಭೀಮಾ ದಂಡೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದು ತೆಗೆದ ಬೌದ್ಧ ಸ್ತೂಪವನ್ನು ನೋಡಿದವರಿಗೆ ಇದು ತಿಳಿದೀತು. 'ರಾಯ ಅಶೋಕ' ಎಂಬ ಹೆಸರು ಕೆತ್ತಿದ ಶಿಲ್ಪದಿಂದ ಜಗತ್ತಿಗೆ ಪರಿಚಯವಾದ ಆ ಸ್ತೂಪದ ಹೊದಿಕೆ ಸುಣ್ಣಕಲ್ಲಿನ ಫಲಕಗಳದು. ಅದರ ಪ್ರದಕ್ಷಿಣಾ ಪಥಕ್ಕೆ ಹಾಸಿದ್ದೂ ಸುಣ್ಣಕಲ್ಲಿನ ಚಪ್ಪಡಿಗಳೇ. ಇನ್ನೂ ಹಿಂದಕ್ಕೆ ಹೋಗುವ ಉಮೇದಿದ್ದರೆ ಹುಣಸಗಿ ಕಣಿವೆಯ ಇಸಾಂಪುರ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಅಗೆದಾಗ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ, ಒಡೆದು, ಆಯುಧ ಮಾಡಿಕೊಳ್ಳುತ್ತಿದ್ದ ಗಣಿಯೇ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಲೆಕ್ಕ ಹಾಕಿದ್ದಾರೆ. ಹಳೆಯ ಸುರಪುರ ತಾಲ್ಲೂಕಿನಲ್ಲಿ ಒಳ್ಳೆಯ ಚಪ್ಪಡಿ ಹುಡುಕುವ ಕೆಲಸ ಮನುಷ್ಯನಿಗಿಂತ ಹಳೆಯದು ಎಂದರೂ ನಡೆಯುತ್ತದೆ.

ತಮಾಷೆಯೆಂದರೆ, ಫರಸಿಯನ್ನು ಓಡಿಸಿದ ಸಿಮೆಂಟೂ ಇದೇ ಕಲ್ಲಿನ ಕೂಸು. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಭೀಮಾ ಕಣಿವೆಯ ಸುಣ್ಣಕಲ್ಲನ್ನೇ ಪುಡಿಮಾಡಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಚೀಲಕ್ಕೆ ತುಂಬುತ್ತವೆ. ಸುಟ್ಟಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ನೆಲದಿಂದ ಚಪ್ಪಡಿಯಾಗಿಯೇ ಎದ್ದು ಬರುವ ಕಲ್ಲನ್ನು ಹಿಟ್ಟು ಮಾಡಿ, ಬೇಯಿಸಿ, ಮತ್ತೆ ನೀರು, ಉಸುಕು, ಖಡಿ ಕೂಡಿಸಿ ಚಪ್ಪಡಿ ಮಾಡುವುದು ಎಂಟು ಮಹಡಿಯ ಕಟ್ಟಡಕ್ಕಾದರೆ ಅನಿವಾರ್ಯ. ಗೇಟಿನೊಳಗಿನ ಇಪ್ಪತ್ತು ಅಡಿಗೆ ಅದೇನು ಅಷ್ಟು ಅವಸರವೋ!

ಹಾಗೆಂದು ಫರಸಿಯನ್ನು ಕಣ್ಣುಮುಚ್ಚಿ ಹೊತ್ತು ತರಬಾರದು. ಅಂಗಳದ ಫರಸಿ ಬೇರೆ, ಒಳಮನೆಯ ಫರಸಿ ಬೇರೆ. ಮನೆಯೊಳಗೆ ಹಾಸುವ ಒಂದಿಂಚಿನ ಪಾಲಿಶ್ ಕಲ್ಲನ್ನು ಕಾರಿನ ಗಾಲಿಯ ಕೆಳಗೆ ಇಟ್ಟರೆ, ಅದರಡಿ ಬೊಗಸೆಯಷ್ಟು ಪೊಳ್ಳಿದ್ದರೂ ಸಾಕು, ನಡುವಿಗೇ ಸೀಳುತ್ತದೆ. ಮಳೆಯಲ್ಲಿ ಜಾರುತ್ತದೆ ಕೂಡ. ಅಂಗಳಕ್ಕೆ ಬೇಕಾದದ್ದು ಎರಡಿಂಚು ಅಥವಾ ಅದಕ್ಕೂ ದಪ್ಪದ, ಪಾಲಿಶ್ ಇಲ್ಲದ, ಒರಟು ಮೈಯ ಕಲ್ಲು. ಅಳತೆ ದೊಡ್ಡದಾದಷ್ಟೂ ಒಡೆಯುವ ಸಾಧ್ಯತೆ ಹೆಚ್ಚು. ಗಾಲಿ ಹಾಯುವಲ್ಲಿ ಎರಡಡಿ ಚೌಕಕ್ಕಿಂತ ಚಿಕ್ಕದೇ ಲೇಸು. ಕೊಳ್ಳುವಾಗ ಪ್ರತಿ ಕಲ್ಲಿಗೂ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಠಣ್ ಎಂದರೆ ಕಲ್ಲು ಗಟ್ಟಿ. ದಪ್ ಎಂದರೆ ಒಳಗೆ ಪದರ ಬಿಟ್ಟಿದೆ, ಎರಡನೆಯ ಬೇಸಿಗೆಗೆ ಮೇಲಿನ ಸಿಪ್ಪೆ ಎದ್ದು ಬರುತ್ತದೆ. ಅಡ್ಡೆಯವನು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. ಇನ್ನೊಂದು ಎಚ್ಚರಿಕೆ: ಸುಣ್ಣಕಲ್ಲಿಗೆ ಆಸಿಡ್ ಆಗದು. ಸಿಮೆಂಟಿನ ಕಲೆ ತೆಗೆಯಲೆಂದು ಕೆಲಸಗಾರರು ಆಸಿಡ್ ಚೆಲ್ಲಿ ತಿಕ್ಕುವುದುಂಟು. ನೊರೆ ಏಳುವುದು ಕಲ್ಲಿನಿಂದಲೇ, ಮೈಯೆಲ್ಲ ತೂತು ಬೀಳುತ್ತದೆ.

ಹಾಸುವ ರೀತಿಯಲ್ಲಿ ಎರಡು ಪಂಥ. ಕೆಳಗೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಸಿಮೆಂಟ್ ಗಾರೆಯಲ್ಲಿ ಕಲ್ಲು ಕೂರಿಸಿ, ಸಂದಿಗೆ ಸಿಮೆಂಟ್ ತುಂಬುವುದು ಒಂದು. ಬಡಿದ ಮರಂ ಮೇಲೆ ಸಣ್ಣ ಖಡಿ, ಅದರ ಮೇಲೆ ಒಂದೂವರೆ-ಎರಡಿಂಚು ಉಸುಕು ಹರವಿ, ಕಲ್ಲು ಕೂರಿಸಿ, ಸಂದಿಗೆ ಉಸುಕನ್ನೇ ತುಂಬುವುದು ಇನ್ನೊಂದು. ಎರಿ ನೆಲಕ್ಕೆ ಎರಡನೆಯದೇ ಸರಿ. ನೆಲ ಕೊಂಚ ಅಲುಗಿದರೆ ಕಲ್ಲೂ ಕೊಂಚ ಅಲುಗುತ್ತದೆ, ಒಡೆಯುವುದಿಲ್ಲ. ಒಂದು ಕಲ್ಲು ತಗ್ಗಿದರೆ ಹಾರೆಯಿಂದ ಎಬ್ಬಿಸಿ, ಕೆಳಗೆ ಎರಡು ಬುಟ್ಟಿ ಉಸುಕು ಹಾಕಿ, ಮತ್ತೆ ಕೂರಿಸಿದರಾಯಿತು. ಅರ್ಧ ಗಂಟೆಯ ಕೆಲಸ. ಕಾಂಕ್ರೀಟ್ ತಗ್ಗಿದರೆ ಬ್ರೇಕರ್ ಯಂತ್ರ ಬರಬೇಕು, ತ್ಯಾಜ್ಯ ಹೊರಲು ಟ್ರ್ಯಾಕ್ಟರ್ ಬರಬೇಕು, ಹೊಸದನ್ನು ಹಾಕಿದ ಮೇಲೆ ತೇಪೆ ಊರಿಗೆಲ್ಲ ಕಾಣಬೇಕು.

ನಮ್ಮ ಊರುಗಳಲ್ಲಿ ಈ ಎಬ್ಬಿಸಿ ಕೂರಿಸುವ ಅನುಕೂಲಕ್ಕೆ ಬೆಲೆ ಕಟ್ಟಲಾಗದು. ಕುಡಿಯುವ ನೀರಿನ ಹೊಸ ಪೈಪು ಬರುತ್ತದೆ, ಒಳಚರಂಡಿ ಬರುತ್ತದೆ, ಕೇಬಲ್ ಬರುತ್ತದೆ. ಎಲ್ಲವೂ ಬರುವುದು ಗೇಟಿನ ಕೆಳಗಿನಿಂದಲೇ. ಜತೆಗೆ ರಸ್ತೆ ಬೆಳೆಯುತ್ತಲೇ ಇರುತ್ತದೆ. ಹಳೆಯ ಸಿಸಿ ರಸ್ತೆಯನ್ನು ಕೀಳದೆ ಅದರ ಮೇಲೇ ಹೊಸ ಸಿಸಿ ಹಾಕುವ ಗುತ್ತಿಗೆದಾರರ ಕೃಪೆಯಿಂದ, ಕಟ್ಟಿದಾಗ ರಸ್ತೆಗಿಂತ ಎರಡಡಿ ಎತ್ತರವಿದ್ದ ಮನೆ ಕೆಲವೇ ವರ್ಷಗಳಲ್ಲಿ ರಸ್ತೆಗೆ ಸಮವಾಗುತ್ತದೆ. ಹೊರಕ್ಕೆ ಇಳಿಜಾರಾಗಿದ್ದ ಅಂಗಳ ಆಗ ಒಳಕ್ಕೆ ಇಳಿಜಾರು. ಕಲ್ಲು ಅಥವಾ ಬ್ಲಾಕ್ ಹಾಸಿದವರು ಎಬ್ಬಿಸಿ, ಮರಂ ತುಂಬಿ, ಅದೇ ಸಾಮಾನನ್ನು ಮತ್ತೆ ಹಾಸಬಹುದು.

ಪೇವರ್ ಬ್ಲಾಕ್, ಅಂದರೆ ಇಂಟರ್‌ಲಾಕ್ ಇಟ್ಟಂಗಿ, ಈಗ ಶಹಾಪುರ-ಸುರಪುರ ರಸ್ತೆಯ ಪೆಟ್ರೋಲ್ ಬಂಕಿನಿಂದ ಹಿಡಿದು ಸರ್ಕಾರಿ ಕಚೇರಿಯ ಅಂಗಳದವರೆಗೆ ಎಲ್ಲೆಲ್ಲೂ ಇದೆ. ಕೆಟ್ಟದ್ದೇನಲ್ಲ. ಫರಸಿಯ ಎಬ್ಬಿಸಿ ಕೂರಿಸುವ ಗುಣ ಇದಕ್ಕೂ ಇದೆ. ಆದರೆ ಮಾರುವವರು ಬಣ್ಣ ತೋರಿಸುತ್ತಾರೆ, ದಪ್ಪ ತೋರಿಸುವುದಿಲ್ಲ. ಭಾರತೀಯ ಮಾನಕ ಬ್ಯೂರೊದ ಐಎಸ್ 15658 ಬಳಕೆಗೆ ತಕ್ಕಂತೆ ದಪ್ಪವನ್ನೂ ಕಾಂಕ್ರೀಟಿನ ದರ್ಜೆಯನ್ನೂ ಹೇಳುತ್ತದೆ. ಮನೆಯ ಅಂಗಳಕ್ಕೆ 50ರಿಂದ 60 ಮಿಲಿಮೀಟರ್ ನಡೆಯುತ್ತದೆ; ಸುಗ್ಗಿಯಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಒಳಗೆ ಬರುವುದಾದರೆ 80ಕ್ಕಿಂತ ಕಡಿಮೆ ಬೇಡ. ಎರಡು ಬ್ಲಾಕ್ ತಂದು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ, ಬೆಳಗ್ಗೆ ಒಂದನ್ನೊಂದು ಉಜ್ಜಿ ನೋಡಬಹುದು. ಉಸುಕು ಉದುರಿದರೆ ಕ್ಯೂರಿಂಗ್ ಸರಿಯಾಗಿಲ್ಲ ಎಂದೇ ಲೆಕ್ಕ. ಅಂಚಿಗೆ ಕರ್ಬ್ ಕಲ್ಲು ಕೂರಿಸದೆ ಬ್ಲಾಕ್ ಹಾಸುವುದು ಮಾತ್ರ ಶುದ್ಧ ದಂಡ. ಒಂದು ಸಾಲು ಹೊರಕ್ಕೆ ಸರಿದರೆ ಉಳಿದವು ಹಿಂದೆಯೇ ಸರಿಯುತ್ತವೆ.

ಕಾಂಕ್ರೀಟೇ ಬೇಕು ಎನ್ನುವವರೂ ಇದ್ದಾರೆ, ಇರಲಿ. ಸುರಪುರದ ಗುಡ್ಡದ ಓಣಿಗಳಲ್ಲಿ, ರಸ್ತೆಯಿಂದ ಮನೆಗೆ ಕಡಿದಾದ ಏರು ಇರುವಲ್ಲಿ, ನಿಜವಾಗಿಯೂ ಕಾಂಕ್ರೀಟೇ ವಾಸಿ. ಉಸುಕಿನ ಮೇಲಿನ ಕಲ್ಲು ಬ್ರೇಕ್ ಹಾಕಿದ ಗಾಲಿಯ ಒತ್ತಡಕ್ಕೆ ಕೆಳಗೆ ಜಾರಬಹುದು. ಅಲ್ಲಿ ನೆಲವೂ ಬಂಡೆಯದೇ. 1840ರ ದಶಕದಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ, ಜನ ಟೇಲರ್ ಮಂಜಿಲ್ ಎನ್ನುವುದು, ಇಂದಿಗೂ ನಿಂತಿದೆ. ಉಬ್ಬದ ನೆಲದ ಮೇಲೆ ಕಟ್ಟಿದವರಿಗೆ ಅರ್ಧ ಚಿಂತೆ ಕಡಿಮೆ. ಇಂಥಲ್ಲಿ ಕಾಂಕ್ರೀಟ್ ಹಾಕುವಾಗ ಹಸಿಯಿರುವಾಗಲೇ ಇಳಿಜಾರಿಗೆ ಅಡ್ಡಲಾಗಿ ಗೆರೆ ಎಳೆಸಬೇಕು. ಮಳೆಯಲ್ಲಿ ಬೈಕ್ ಜಾರುವುದು ನಯವಾಗಿ ತಿಕ್ಕಿದ ರ‍್ಯಾಂಪಿನ ಮೇಲೆಯೇ.

ತಗ್ಗಿನಲ್ಲಿ ಕಾಂಕ್ರೀಟ್ ಹಾಕುವವರು ಹತ್ತಡಿಗೊಂದು ಸಂದಿ ಬಿಡಿಸಬೇಕು. ಬಿರುಕು ಬರುವುದೇ ಖಾತ್ರಿಯಾದ ಮೇಲೆ ಅದು ಎಲ್ಲಿ ಬರಬೇಕೆಂದು ನಾವೇ ಗೆರೆ ಕೊಯ್ದು ತೋರಿಸುವುದು ಜಾಣತನ. ನೀರು ಹೊಡೆಯುವುದು ಕನಿಷ್ಠ ಏಳು ದಿನ, ಮೇ ತಿಂಗಳಾದರೆ ಎರಡು ವಾರ, ಗೋಣಿಚೀಲ ಹೊದಿಸಿ. ಥರ್ಮಾಮೀಟರ್ 42 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕಾಂಕ್ರೀಟ್ ಹಾಕಿ ಸಂಜೆ ಐದಕ್ಕೆ ಒಂದು ಕೊಡ ನೀರು ಚೆಲ್ಲಿದರೆ ಅದು ಕ್ಯೂರಿಂಗ್ ಅಲ್ಲ. ಮೇಲ್ಮೈ ನಯವಾಗಲೆಂದು ಕೊನೆಗೆ ಒಣ ಸಿಮೆಂಟ್ ಉದುರಿಸಿ ತಿಕ್ಕುವ ಚಾಳಿಯನ್ನೂ ಬಿಡಿಸಬೇಕು. ವರ್ಷದೊಳಗೆ ಆ ಸಿಪ್ಪೆ ಹಪ್ಪಳದ ಹಾಗೆ ಏಳುತ್ತದೆ. ಡಾಂಬರಿನ ಮಾತು ಇಲ್ಲಿ ಎತ್ತುವುದೇ ಬೇಡ, ಈ ಬಿಸಿಲಿಗೆ ಕಾರು ನಿಲ್ಲುವ ಜಾಗ ಮೆತ್ತಗಾಗುತ್ತದೆ. ಹೊಳೆಯುವ ಗ್ರಾನೈಟ್ ಹಾಸಿದವರ ಮನೆಯಲ್ಲಿ ಜಾರಿ ಬಿದ್ದ ಅಜ್ಜಿಯರ ಲೆಕ್ಕ ಮೂಳೆ ಡಾಕ್ಟರರ ಹತ್ತಿರ ಸಿಕ್ಕೀತು.

ಈ ಚರ್ಚೆಯಲ್ಲಿ ಮರೆತುಹೋಗುವುದು ಒಂದಿದೆ. ಇಂಗ್ಲಿಷ್ ಸಿನಿಮಾದ ಡ್ರೈವ್‌ವೇಯಲ್ಲಿ ಕಾರು ಮಾತ್ರ ಇರುತ್ತದೆ. ಇಲ್ಲಿನ ಅಂಗಳದಲ್ಲಿ ಬೆಳಗ್ಗೆ ಥಳಿ ಹೊಡೆದು ರಂಗೋಲಿ ಹಾಕಬೇಕು, ಮಾಘದಲ್ಲಿ ತೊಗರಿ ಒಣಗಬೇಕು, ಬೇಸಿಗೆಯಲ್ಲಿ ಮೆಣಸಿನಕಾಯಿ, ಶಾವಿಗೆ, ಹಪ್ಪಳ. ಕರೆಂಟು ಹೋದ ರಾತ್ರಿ ಹೊರಸು ಹಾಕಿ ಮಲಗಬೇಕು. ಸಿಮೆಂಟಿನ ಹಾಸು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಉಗುಳುತ್ತದೆ. ಫರಸಿಯೂ ಕಾಯುತ್ತದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಸಂದಿಯಲ್ಲಿ ಉಸುಕಿದ್ದು, ಕೆಳಗೆ ಮರಂ ಇದ್ದರೆ, ಸಂಜೆ ನಾಲ್ಕು ಬಿಂದಿಗೆ ನೀರು ಚಿಮುಕಿಸಿದಾಗ ಆ ನೀರು ಒಳಗಿಳಿದು ನಿಧಾನ ಆರುತ್ತ ನೆಲ ತಣಿಸುತ್ತದೆ. ಕಪ್ಪು ಬ್ಲಾಕಿಗಿಂತ ಬೂದು, ಹಳದಿ ಛಾಯೆಯ ಕಲ್ಲು ಕಡಿಮೆ ಕಾಯುತ್ತದೆ. ಬಣ್ಣ ಆರಿಸುವಾಗ ಗೋಡೆಯ ಪೇಂಟಿಗಿಂತ ಬರಿಗಾಲನ್ನು ನೆನೆಯಬೇಕು.

ಕಾರಿಗೆ ಬೇಕಾದದ್ದಾದರೂ ಎಷ್ಟು? ಗಾಲಿ ಹಾಯಲು ತಲಾ ಎರಡಡಿ ಅಗಲದ ಎರಡು ಪಟ್ಟಿ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಅಂಗಳ ಪೂರ್ತಿ ಹಾಸಿದರೆ 200 ಚದರಡಿ. ಪಟ್ಟಿ ಮಾತ್ರ ಹಾಸಿದರೆ 80. ಉಳಿದ ಜಾಗದಲ್ಲಿ ಮರಂ ಇರಲಿ, ಸಣ್ಣ ಖಡಿ ಇರಲಿ, ಹುಲ್ಲು ಬೆಳೆದರೆ ಬೆಳೆಯಲಿ. ಶಹಾಬಾದ್, ಚಿತ್ತಾಪುರದ ಗಣಿಗಳ ಬಾಯಲ್ಲಿ ಗುಡ್ಡೆಗುಡ್ಡೆ ಬಿದ್ದಿರುವ ಒಡಕು ಫರಸಿಯನ್ನು ತಂದು ಆ ನಡುಭಾಗಕ್ಕೆ ಚೆಲ್ಲಾಪಿಲ್ಲಿ ಜೋಡಿಸಿದರೂ ಚೆಂದ. ಉಳಿದ ದುಡ್ಡು ಕೆಳಗಿನ ಮರಂಗೆ ಹೋಗಲಿ.

ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನೀರು ಇಂಗಬೇಕು ಎನ್ನುವ ಉತ್ಸಾಹದಲ್ಲಿ ಎರಿ ನೆಲದವರು ಗೋಡೆಯ ಬುಡಕ್ಕೇ ನೀರು ಇಂಗಿಸಿದರೆ ಅಡಿಪಾಯವೇ ಅಲುಗುತ್ತದೆ. ಆದ್ದರಿಂದ ಗೋಡೆಯ ಸುತ್ತ ಮೂರಡಿ ಅಗಲಕ್ಕೆ ಬಿಗಿಯಾದ, ಸಂದಿ ಮುಚ್ಚಿದ ಹಾಸು ಇರಲಿ. ಅದು ಹೊರಕ್ಕೆ ವಾಲಲಿ. ಅಲ್ಲಿಂದಾಚೆ ಸಂದಿ ಬಿಟ್ಟ ಹಾಸು, ಕಂಪೌಂಡಿನ ಮೂಲೆಯಲ್ಲಿ ಇಂಗುಗುಂಡಿ. ಇಪ್ಪತ್ತಡಿಗೆ ನಾಲ್ಕಿಂಚು ವಾಲು ಕೊಟ್ಟರೆ ನೀರು ನಿಲ್ಲುವುದಿಲ್ಲ. ಮೂವತ್ತು-ನಲವತ್ತರ ಪ್ಲಾಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಇಡೀ ಪ್ಲಾಟ್ ಸಿಮೆಂಟಾಗಿದ್ದರೆ ಅಷ್ಟೂ ಒಂದೇ ಸಲಕ್ಕೆ ರಸ್ತೆಗೆ. ಅಂಥ ನಲವತ್ತು ಮನೆಗಳ ಓಣಿಯ ತುದಿಯಲ್ಲಿ, ತಗ್ಗಿನಲ್ಲಿ ಯಾರ ಮನೆಯಿದೆಯೋ ಅವರ ಗತಿಯನ್ನು ಪ್ರತಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನೋಡುತ್ತಲೇ ಇದ್ದೇವೆ. ಇಂಗ್ಲೆಂಡಿನಲ್ಲಿ 2008ರ ಅಕ್ಟೋಬರ್‌ನಿಂದ, ಮನೆಯ ಮುಂದಿನ ಜಾಗದಲ್ಲಿ ಐದು ಚದರ ಮೀಟರಿಗಿಂತ ಹೆಚ್ಚು ನೀರಿಳಿಯದ ಹಾಸು ಹಾಕಿ ನೀರನ್ನು ರಸ್ತೆಗೆ ಬಿಡುವವರು ಅನುಮತಿ ಪಡೆಯಬೇಕು. ನೀರು ಇಂಗುವ ಹಾಸಿಗೆ ಅನುಮತಿ ಬೇಡ. ಜರ್ಮನಿಯ ಎಷ್ಟೋ ಊರುಗಳಲ್ಲಿ ಮುಚ್ಚಿದ ನೆಲದ ಅಳತೆಗೆ ತಕ್ಕಂತೆ ಮಳೆನೀರಿನ ಶುಲ್ಕವೇ ಇದೆ.

ನಮ್ಮಲ್ಲಿ ಅಷ್ಟು ದೂರ ಹೋಗುವುದು ಬೇಡ, ಗಟಾರದ ಮೇಲಿನ ರ‍್ಯಾಂಪಿನಿಂದ ಶುರುಮಾಡಬಹುದು. ಗೇಟಿನ ಮುಂದೆ ಎಲ್ಲರೂ ಗಟಾರದ ಮೇಲೆ ತಮ್ಮ ಮರ್ಜಿಯಂತೆ ಕಾಂಕ್ರೀಟ್ ಸುರಿಯುತ್ತಾರೆ. ಒಬ್ಬರು ಆರಿಂಚಿನ ಪೈಪ್ ಇಡುತ್ತಾರೆ, ಇನ್ನೊಬ್ಬರು ನಾಲ್ಕಿಂಚಿನದು, ಮತ್ತೊಬ್ಬರು ಏನೂ ಇಡುವುದಿಲ್ಲ. ಹೂಳು ತೆಗೆಯಲು ಬಂದ ಪೌರಕಾರ್ಮಿಕರು ರ‍್ಯಾಂಪಿನ ಕೆಳಗೆ ಕೈ ಹಾಕಲಾಗದೆ ಮುಂದಕ್ಕೆ ಹೋಗುತ್ತಾರೆ. ಗಟಾರದ ಮೇಲೆ ಎತ್ತಿ ಇಡಬಹುದಾದ ನಾಲ್ಕಿಂಚು ದಪ್ಪದ ಹಾಸುಗಲ್ಲು, ಇಲ್ಲವೇ ಕಬ್ಬಿಣದ ಜಾಲರಿ ಇದ್ದರೆ ಈ ತಾಪತ್ರಯವೇ ಇಲ್ಲ. ಶಹಾಪುರ, ಸುರಪುರದ ಗುಡ್ಡದ ಗ್ರಾನೈಟ್ ಸೀಳಿ ಮಾಡಿದ ಅಂಥ ಕಲ್ಲು ಊರಲ್ಲೇ ಸಿಗುತ್ತದೆ.

ಕಟ್ಟಡ ಪರವಾನಗಿ ಕೊಡುವಾಗ ನಗರಸಭೆಗಳು ಮಾಡಬಹುದಾದ ಕೆಲಸ ಎರಡು. ಆ ಓಣಿಯ ರಸ್ತೆ ಮತ್ತು ಗಟಾರದ ಮಟ್ಟವನ್ನು ನಕ್ಷೆಯ ಮೇಲೆ ಅಂಕಿಯಲ್ಲಿ ಬರೆದುಕೊಡುವುದು, ಮುಂದೆ ಸಿಸಿ ಹಾಕುವಾಗ ಹಳೆಯದನ್ನು ಕಿತ್ತು ಅದೇ ಮಟ್ಟಕ್ಕೆ ಹಾಕುವ ಷರತ್ತನ್ನು ಗುತ್ತಿಗೆಯಲ್ಲೇ ಸೇರಿಸುವುದು. ಮನೆಯವರು ಮಾಡಬೇಕಾದದ್ದು ಇದಕ್ಕಿಂತ ಸುಲಭ: ಬೇಸಿಗೆಯಲ್ಲಿ ಮರಂ ತುಂಬಿ ಬಡಿದು, ಒಂದು ಮಳೆಗಾಲ ಅದರ ಮೇಲೆ ಹೋಗಲು ಬಿಟ್ಟು, ದೀಪಾವಳಿ ಕಳೆದು ನೆಲ ತೀರ ಹಸಿಯೂ ತೀರ ಒಣಗೂ ಅಲ್ಲದ ನವೆಂಬರ್-ಡಿಸೆಂಬರ್‌ನಲ್ಲಿ ಕಲ್ಲು ಹಾಸುವುದು. ಅಷ್ಟರಲ್ಲಿ ಎಲ್ಲಿ ತಗ್ಗುತ್ತದೆ, ನೀರು ಯಾವ ಕಡೆ ಹರಿಯುತ್ತದೆ ಎಂಬುದೂ ಗೊತ್ತಾಗಿರುತ್ತದೆ, ಫರಸಿಗೆ ಬೇಕಾದ ದುಡ್ಡೂ ಕೂಡಿರುತ್ತದೆ.